ಬೆಳಗಿನ ಜಾವದ ಕಥೆಯೂ ಇಪ್ಪತ್ತು ವರ್ಷದ ದುಡಿಮೆಯೂ: ಆಲ್ಫ್ರೆಡ್ ವರ್ನರ್ ಕುರಿತು



ನಮ್ಮ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪಠ್ಯದಲ್ಲಿ ಕೋಆರ್ಡಿನೇಷನ್ ಸಂಯುಕ್ತಗಳ ಅಧ್ಯಾಯ ಶುರುವಾಗುವುದೇ ಆಲ್ಫ್ರೆಡ್ ವರ್ನರ್ ಅವರ ಹೆಸರಿನಿಂದ. ಕೋಬಾಲ್ಟ್ ಕ್ಲೋರೈಡಿಗೆ ಅಮೋನಿಯಾ ಸೇರಿ ಆಗುವ ಬಣ್ಣಬಣ್ಣದ ಲವಣಗಳ ಒಂದು ಪಟ್ಟಿ, ಸಿಲ್ವರ್ ನೈಟ್ರೇಟ್ ಹಾಕಿದರೆ ಯಾವುದರಿಂದ ಎಷ್ಟು ಕ್ಲೋರೈಡ್ ಹೊರಬೀಳುತ್ತದೆ ಎಂಬ ಲೆಕ್ಕ, ಪ್ರಾಥಮಿಕ ವೇಲೆನ್ಸಿ ಮತ್ತು ದ್ವಿತೀಯ ವೇಲೆನ್ಸಿ ಎಂಬ ಎರಡು ಮಾತು. ಅಲ್ಲಿಗೆ ವರ್ನರ್ ಮುಗಿದರು. ಪಾಠ ಮುಂದಿನ ಸಿದ್ಧಾಂತಕ್ಕೆ ಹೊರಟುಹೋಗುತ್ತದೆ. ಜನಪ್ರಿಯ ವಿಜ್ಞಾನದ ಬರಹಗಳಲ್ಲಿ ಇದೇ ವ್ಯಕ್ತಿ ಇನ್ನೊಂದು ವೇಷದಲ್ಲಿ ಬರುತ್ತಾರೆ. ಒಂದು ರಾತ್ರಿ ಎರಡು ಗಂಟೆಗೆ ಥಟ್ಟನೆ ಎಚ್ಚರವಾಯಿತಂತೆ, ವರ್ಷಗಳಿಂದ ರಸಾಯನಶಾಸ್ತ್ರಜ್ಞರನ್ನು ಕಾಡಿದ ಒಗಟಿಗೆ ಉತ್ತರ ಹೊಳೆದಿತ್ತಂತೆ, ಕಡು ಕಾಫಿ ಕುಡಿಯುತ್ತ ಅದೇ ದಿನ ಸಂಜೆ ಐದರ ಹೊತ್ತಿಗೆ ಲೇಖನ ಬರೆದು ಮುಗಿಸಿದರಂತೆ. ಶಿಷ್ಯರ ಬಾಯಿಂದ ಬಂದ ಈ ಕಥೆಯನ್ನು ಸುಳ್ಳೆನ್ನಲು ಕಾರಣವಿಲ್ಲ. ನನ್ನ ತಕರಾರು ಬೇರೆ. ಪಠ್ಯಪುಸ್ತಕ ಫಲಿತಾಂಶವನ್ನು ಇಟ್ಟುಕೊಂಡಿದೆ, ಜನಪ್ರಿಯ ಕಥೆ ಹೊಳಹನ್ನು ಇಟ್ಟುಕೊಂಡಿದೆ. ಇವೆರಡರ ನಡುವಿನ ಇಪ್ಪತ್ತು ವರ್ಷಗಳನ್ನು ಎರಡೂ ಬಿಟ್ಟಿವೆ. ಆ ಇಪ್ಪತ್ತು ವರ್ಷ ವರ್ನರ್ ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತ, ಪ್ರಬಂಧ ತಿದ್ದುತ್ತ, ಪ್ರಯೋಗಾಲಯ ನಡೆಸುತ್ತ ಕಳೆದರು. ಊಹೆಯಾಗಿದ್ದದ್ದು ರಸಾಯನಶಾಸ್ತ್ರದ ಸತ್ಯವಾದದ್ದು ಆ ಅಧ್ಯಾಪಕ ವೃತ್ತಿಯ ಒಳಗೆ, ಆ ವೃತ್ತಿಯ ಬಲದಿಂದ ಎಂಬುದು ಇಂದು ನಾನು ಮಂಡಿಸಬೇಕೆಂದಿರುವ ವಾದ.

ಮೊದಲು ಬದುಕಿನ ಹೊರಗೆರೆ. ವರ್ನರ್ ಹುಟ್ಟಿದ್ದು 1866ರ ಡಿಸೆಂಬರ್ 12ರಂದು, ಅಲ್ಸಾಸ್ ಪ್ರಾಂತದ ಮ್ಯೂಲೂಸ್ ಊರಿನಲ್ಲಿ. ಆಗ ಅದು ಫ್ರಾನ್ಸ್. ಮಗುವಿಗೆ ಐದು ತುಂಬುವ ಮೊದಲೇ ಯುದ್ಧ ನಡೆದು ಅಲ್ಸಾಸ್ ಜರ್ಮನಿಯ ಪಾಲಾಯಿತು. ಮನೆಯಲ್ಲಿ ಫ್ರಾನ್ಸಿನ ಮೇಲಿನ ನಿಷ್ಠೆ, ಶಾಲೆಯಲ್ಲೂ ಸೇನೆಯಲ್ಲೂ ಜರ್ಮನ್. ಮುಂದೆ ಅವರು ಬರೆದದ್ದೂ ಬಹುಪಾಲು ಜರ್ಮನ್‌ನಲ್ಲೇ. ಮ್ಯೂಲೂಸ್ ಬಟ್ಟೆ ಗಿರಣಿಗಳ ಊರು, ಆದ್ದರಿಂದ ಬಣ್ಣಗಳ ರಸಾಯನಶಾಸ್ತ್ರದ ಊರು ಕೂಡ. ಹದಿನೆಂಟರ ಹುಡುಗ ತಾನೇ ಬರೆದ ಪ್ರಬಂಧವೊಂದನ್ನು ಅಲ್ಲಿನ ರಸಾಯನ ಶಾಲೆಯ ಮುಖ್ಯಸ್ಥ ಎಮಿಲಿಯೊ ನೋಲ್ಟಿಂಗ್ ಅವರ ಮುಂದೆ ಇಟ್ಟದ್ದು ದಾಖಲಾಗಿದೆ. ಕಾರ್ಲ್ಸ್‌ರೂಹೆಯಲ್ಲಿ ಸೇನಾ ಸೇವೆ ಮುಗಿಸಿ 1886ರಲ್ಲಿ ಜ್ಯೂರಿಕ್‌ನ ಪಾಲಿಟೆಕ್ನಿಕ್ ಸೇರಿದರು. ಗಣಿತ ಅವರಿಗೆ ಒಲಿಯಲಿಲ್ಲ, ರೇಖಾಗಣಿತದ ಪರೀಕ್ಷೆಯಲ್ಲಂತೂ ಎಡವಿದರು. ಮೂರು ಆಯಾಮಗಳಲ್ಲಿ ಅಣುಗಳನ್ನು ಕಂಡು ನೊಬೆಲ್ ಪಡೆದ ವ್ಯಕ್ತಿ ಕಾಗದದ ಮೇಲಿನ ರೇಖಾಗಣಿತದಲ್ಲಿ ಸೋತಿದ್ದರು ಎಂಬುದನ್ನು ನಮ್ಮ ಪರೀಕ್ಷಾ ಮಂಡಳಿಗಳು ಆಗಾಗ ನೆನೆದುಕೊಂಡರೆ ತಪ್ಪಿಲ್ಲ. 1890ರಲ್ಲಿ ಆರ್ಥರ್ ಹಾಂಟ್ಷ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಬಂತು. ವಿಷಯ, ಸಾರಜನಕ ಇರುವ ಅಣುಗಳಲ್ಲಿ ಪರಮಾಣುಗಳು ಜಾಗದಲ್ಲಿ ಹೇಗೆ ಜೋಡಣೆಯಾಗಿರುತ್ತವೆ ಎಂಬುದು. ಇದು ಸಾವಯವ ರಸಾಯನಶಾಸ್ತ್ರದ ಪ್ರಶ್ನೆ. 1891-92ರ ಚಳಿಗಾಲವನ್ನು ಪ್ಯಾರಿಸ್‌ನಲ್ಲಿ ಮಾರ್ಸೆಲಿನ್ ಬರ್ತೆಲೋ ಅವರ ಬಳಿ ಕಳೆದು ಜ್ಯೂರಿಕ್‌ಗೆ ಮರಳಿ ಖಾಸಗಿ ಉಪನ್ಯಾಸಕರಾದರು. ನಿರವಯವ ರಸಾಯನಶಾಸ್ತ್ರದಲ್ಲಿ ಆಗ ಅವರ ಬಂಡವಾಳ ಎಂದರೆ ಪ್ಯಾರಿಸ್‌ನಲ್ಲಿ ಮಾಡಿದ ಕ್ಯಾಲ್ಸಿಯಂ ನೈಟ್ರೇಟಿನ ಒಂದು ಸಣ್ಣ ಕೆಲಸ ಮಾತ್ರ.

ಅವರ ಕೈಗೆ ಸಿಕ್ಕ ಒಗಟು ಹಳೆಯದು. ಕೋಬಾಲ್ಟಿನ ದ್ರಾವಣಕ್ಕೆ ಅಮೋನಿಯಾ ಸೇರಿಸಿ ಗಾಳಿಗೆ ಬಿಟ್ಟರೆ ಬಣ್ಣ ಕಂದಾಗುವುದನ್ನು 1798ರಲ್ಲೇ ತಾಸೇರ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞರು ಗಮನಿಸಿದ್ದರು. ಮುಂದಿನ ಐವತ್ತು ವರ್ಷಗಳಲ್ಲಿ ಈ ಬಗೆಯ ಲವಣಗಳು ಬೆಳೆಯುತ್ತ ಹೋದವು. ರಚನೆ ಯಾರಿಗೂ ಗೊತ್ತಿರಲಿಲ್ಲವಾಗಿ ಬಣ್ಣ ನೋಡಿ ಲ್ಯಾಟಿನ್ ಹೆಸರಿಟ್ಟರು: ಆರು ಅಮೋನಿಯಾ ಇರುವ ಹಳದಿಗೆ ಲ್ಯೂಟಿಯೊ, ಐದಿರುವ ನೇರಳೆಗೆಂಪಿಗೆ ಪರ್ಪ್ಯೂರಿಯೊ, ನಾಲ್ಕಿರುವ ಹಸಿರಿಗೆ ಪ್ರೇಸಿಯೊ. ಕೋಬಾಲ್ಟ್ ಮೂರು ಕ್ಲೋರಿನ್ ಹಿಡಿದುಕೊಂಡಾಗ ಅದರ ವೇಲೆನ್ಸಿ ಮುಗಿದಿರಬೇಕು, ಅಮೋನಿಯಾ ತನ್ನಷ್ಟಕ್ಕೆ ತಾನು ಪೂರ್ಣವಾದ ಅಣು. ಹೀಗಿರುವಾಗ ಒಂದಕ್ಕೊಂದು ಬೇಡದ ಇವೆರಡು ಇಷ್ಟು ಗಟ್ಟಿಯಾಗಿ ಅಂಟಿಕೊಳ್ಳುವುದೇಕೆ? ಸ್ವೀಡನ್ನಿನ ಲುಂಡ್‌ನಲ್ಲಿದ್ದ ಬ್ಲೋಮ್‌ಸ್ಟ್ರಾಂಡ್ 1869ರಲ್ಲಿ ಕೊಟ್ಟ ಉತ್ತರ, ಇಂಗಾಲದ ಪರಮಾಣುಗಳು ಸರಪಳಿ ಕಟ್ಟುವಂತೆ ಅಮೋನಿಯಾ ಅಣುಗಳೂ ಕೋಬಾಲ್ಟಿಗೂ ಕ್ಲೋರಿನ್ನಿಗೂ ನಡುವೆ ಸರಪಳಿ ಕಟ್ಟುತ್ತವೆ ಎಂದು. ಕೋಪನ್‌ಹೇಗನ್ನಿನ ಸೋಫುಸ್ ಮ್ಯಾಡ್ಸ್ ಯೋರ್ಗೆನ್‌ಸನ್ ಈ ಸರಪಳಿಯನ್ನು ಒಪ್ಪಿ ತಿದ್ದಿ ಪ್ರಯೋಗದ ಮೇಲೆ ನಿಲ್ಲಿಸಿದರು. ಅಲ್ಲಿಯತನಕ ಈ ಲವಣಗಳನ್ನು ಅವರಷ್ಟು ಶುದ್ಧವಾಗಿ, ಅವರಷ್ಟು ತಾಳ್ಮೆಯಿಂದ ತಯಾರಿಸಿದವರು ಇರಲಿಲ್ಲ.

ವರ್ನರ್ 1893ರ ಲೇಖನದಲ್ಲಿ ಸರಪಳಿಯನ್ನು ಕಿತ್ತುಹಾಕಿದರು. ಲೋಹದ ಪರಮಾಣುವಿಗೆ ಎರಡು ಬಗೆಯ ಹಿಡಿತವಿದೆ. ಒಂದು ಎಲ್ಲರಿಗೂ ಗೊತ್ತಿದ್ದ ವೇಲೆನ್ಸಿ. ಇನ್ನೊಂದು, ತನ್ನ ಸುತ್ತ ಇಷ್ಟೇ ಎಂಬ ನಿಗದಿತ ಸಂಖ್ಯೆಯ ಗುಂಪುಗಳನ್ನು ನೇರವಾಗಿ ಕೂರಿಸಿಕೊಳ್ಳುವ ಶಕ್ತಿ. ಕೋಬಾಲ್ಟಿಗೆ ಆ ಸಂಖ್ಯೆ ಆರು. ಅವು ಕುಳಿತಿರುವುದು ಅಷ್ಟಮುಖಿಯ ಮೂಲೆಗಳಲ್ಲಿ, ಅಂದರೆ ಮೇಲೊಂದು, ಕೆಳಗೊಂದು, ನಾಲ್ಕು ದಿಕ್ಕಿಗೆ ಒಂದೊಂದು. ಆರು ಜಾಗವನ್ನೂ ಅಮೋನಿಯಾ ತುಂಬಿದರೆ ಮೂರು ಕ್ಲೋರಿನ್ನೂ ಹೊರಗೆ ಉಳಿದು ನೀರಿನಲ್ಲಿ ಅಯಾನುಗಳಾಗಿ ಓಡಾಡುತ್ತವೆ. ಸಿಲ್ವರ್ ನೈಟ್ರೇಟಿನ ಹನಿ ಬಿದ್ದ ಕೂಡಲೇ ಮೂರೂ ಬಿಳಿ ಪ್ರಕ್ಷೇಪವಾಗಿ ಇಳಿಯುತ್ತವೆ. ಒಂದು ಅಮೋನಿಯಾ ಹೋಗಿ ಆ ಜಾಗಕ್ಕೆ ಕ್ಲೋರಿನ್ ಬಂದರೆ ಎರಡು ಮಾತ್ರ ಇಳಿಯುತ್ತವೆ, ಇನ್ನೊಂದು ಬಂದರೆ ಒಂದು ಮಾತ್ರ. ಇಷ್ಟರ ಮಟ್ಟಿಗೆ ಸರಪಳಿ ಸಿದ್ಧಾಂತವೂ ಇದೇ ಲೆಕ್ಕ ಕೊಡುತ್ತಿತ್ತು ಎಂಬುದನ್ನು ಪಠ್ಯಪುಸ್ತಕಗಳು ಹೇಳುವುದಿಲ್ಲ. ಯೋರ್ಗೆನ್‌ಸನ್ ಕೂಡ ಅಮೋನಿಯಾದ ತುದಿಯಲ್ಲಿರುವ ಕ್ಲೋರಿನ್ ಸಡಿಲ, ಕೋಬಾಲ್ಟಿಗೇ ಅಂಟಿರುವುದು ಬಿಗಿ ಎಂದು ಹೇಳಿ ಮೂರು, ಎರಡು, ಒಂದು ಎಂಬ ಅದೇ ಅಂಕಿಗಳಿಗೆ ತಲುಪಿದ್ದರು. ನಾವು ಪ್ರತಿವರ್ಷ ಕರಿಹಲಗೆಯ ಮೇಲೆ ವರ್ನರ್ ಸಿದ್ಧಾಂತಕ್ಕೆ ಸಾಕ್ಷಿಯೆಂದು ಬರೆಯುವ ಪಟ್ಟಿಯ ಮೊದಲ ಮೂರು ಸಾಲು ಹಾಗಾದರೆ ಯಾರ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ.

ಇಬ್ಬರೂ ಬೇರೆಯಾಗುವುದು ನಾಲ್ಕನೆಯ ಸಾಲಿನಲ್ಲಿ. ಅಮೋನಿಯಾ ಮೂರಕ್ಕೆ ಇಳಿದಾಗ ಸರಪಳಿಯ ಪ್ರಕಾರ ಒಂದು ಕ್ಲೋರಿನ್ ಇನ್ನೂ ಸಡಿಲವಾಗಿರಬೇಕು, ವರ್ನರ್ ಪ್ರಕಾರ ಒಂದೂ ಇರಬಾರದು. ಕೋಬಾಲ್ಟಿನ ಆ ಲವಣವನ್ನು ಶುದ್ಧವಾಗಿ ಪಡೆಯುವುದು ಕಷ್ಟ. ಅದಕ್ಕೆ ಸಮನಾದ ಇರಿಡಿಯಂ ಲವಣವನ್ನು ಯೋರ್ಗೆನ್‌ಸನ್ ತಾವೇ ತಯಾರಿಸಿದರು. ಸಿಲ್ವರ್ ನೈಟ್ರೇಟಿಗೆ ಅದು ಜಪ್ಪಯ್ಯ ಎನ್ನಲಿಲ್ಲ. ಇತ್ತ ವರ್ನರ್ ತಮ್ಮ ಗೆಳೆಯ ಅರ್ತುರೊ ಮಿಯೊಲಾಟಿ ಜತೆ 1893-94ರಲ್ಲಿ ಈ ಲವಣಗಳ ವಿದ್ಯುದ್ವಾಹಕತೆ ಅಳೆದರು. ಆರು ಅಮೋನಿಯಾ ಇರುವುದಕ್ಕೆ ಹೆಚ್ಚುಕಡಿಮೆ 430, ಐದಿರುವುದಕ್ಕೆ 260, ನಾಲ್ಕಿರುವುದಕ್ಕೆ 100ರ ಆಸುಪಾಸು, ಮೂರಿರುವ ನೈಟ್ರೋ ಸಂಯುಕ್ತಕ್ಕೆ ಸೊನ್ನೆಗೆ ಹತ್ತಿರ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಈ ಅಂಕಿಗಳು ವರ್ನರ್ ಅವರಿಗೆ ದೊಡ್ಡ ಬಲ. ಆದರೂ ಅಂಕಿಗಳು ಹೇಳಿದ್ದು ಯಾವ ಗುಂಪು ಒಳಗೆ, ಯಾವುದು ಹೊರಗೆ ಎಂಬುದನ್ನಷ್ಟೆ. ಒಳಗಿರುವ ಆರು ಗುಂಪುಗಳು ಅಷ್ಟಮುಖಿಯಲ್ಲೇ ಕುಳಿತಿವೆಯೆಂದು ವಾಹಕತೆಯ ಯಾವ ಮಾಪನವೂ ಹೇಳಲಾರದು. ಸಿದ್ಧಾಂತದ ಹೃದಯ ಇರುವುದು ಆ ಆಕಾರದಲ್ಲಿ. 1893ರಲ್ಲಿ ಅದಕ್ಕೆ ಆಧಾರ ಬಹಳ ತೆಳುವಾಗಿತ್ತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ವಿಜ್ಞಾನದಲ್ಲಿ ಹೊಸ ವಿಚಾರವೇ ಮುಖ್ಯ, ಉಳಿದದ್ದು ಕೂಲಿ ಕೆಲಸ. ವರ್ನರ್ ಸರಿಯಾಗಿ ಊಹಿಸಿದರು, ಮುಂದೆ ಯಾರಾದರೂ ಸಾಬೀತು ಮಾಡುತ್ತಿದ್ದರು ಎನ್ನುವವರಿದ್ದಾರೆ. ಈ ವಾದ ಗೆದ್ದ ಊಹೆಯನ್ನು ಹಿಂದಿನಿಂದ ನೋಡುವ ದೃಷ್ಟಿದೋಷದಿಂದ ಹುಟ್ಟಿದ್ದು. 1869ರಲ್ಲಿ ಬ್ಲೋಮ್‌ಸ್ಟ್ರಾಂಡ್ ಅವರದ್ದೂ ಹೊಸ ವಿಚಾರವೇ. ಇಂಗಾಲದ ಸರಪಳಿಯಿಂದ ಅಮೋನಿಯಾದ ಸರಪಳಿಗೆ ಹಾರಿದ ಆ ಕಲ್ಪನೆಯಲ್ಲಿ ಚಮತ್ಕಾರ ಕಡಿಮೆಯಿಲ್ಲ. ಇಂಗಾಲದ ಸುತ್ತಣ ಚತುರ್ಮುಖಿಯನ್ನು 1874ರಲ್ಲಿ ವಾಂಟ್ ಹಾಫ್ ಮತ್ತು ಲ ಬೆಲ್ ಕೊಟ್ಟಿದ್ದರು. ವರ್ನರ್ ಅದರಿಂದ ಕೋಬಾಲ್ಟಿನ ಅಷ್ಟಮುಖಿಗೆ ಹಾರಿದ್ದೂ ಇದೇ ಜಾತಿಯ ಜಿಗಿತ. ಹಾರುವ ಗಳಿಗೆಯಲ್ಲಿ ಯಾವುದು ನೆಲ ಮುಟ್ಟುತ್ತದೆ, ಯಾವುದು ಕಂದಕಕ್ಕೆ ಬೀಳುತ್ತದೆ ಎಂದು ಹೇಳುವ ಗುರುತು ಎರಡರಲ್ಲೂ ಇರಲಿಲ್ಲ. ಯೋರ್ಗೆನ್‌ಸನ್ ಅವರ ಸಂಶಯ ಹಟಮಾರಿತನವಾಗಿರಲಿಲ್ಲ. ನಿರವಯವ ಲವಣಗಳನ್ನು ಕೈಯಾರೆ ಮಾಡಿ ಅನುಭವವಿಲ್ಲದ ಇಪ್ಪತ್ತಾರರ ತರುಣನೊಬ್ಬ ಇನ್ನೊಬ್ಬರ ಪ್ರಯೋಗಗಳ ಮೇಲೆ ಹೊಸ ಚಾವಣಿ ಹಾಕಲು ಬಂದರೆ ಆ ಪ್ರಯೋಗಗಳನ್ನು ಮಾಡಿದವರು ಕೇಳಬೇಕಾದ ಪ್ರಶ್ನೆಗಳನ್ನೇ ಅವರು ಕೇಳಿದರು.

ಆಕಾರವನ್ನು ಸಾಬೀತು ಮಾಡಲು ಆಗ ಇದ್ದ ದಾರಿ ಎಣಿಕೆಯದು. ಒಂದೇ ಸೂತ್ರ, ಬೇರೆ ಜೋಡಣೆ ಇರುವ ಸಂಯುಕ್ತಗಳನ್ನು ಐಸೋಮರ್ ಎನ್ನುತ್ತೇವೆ. ಕೋಬಾಲ್ಟಿನ ಸುತ್ತ ನಾಲ್ಕು ಅಮೋನಿಯಾ, ಎರಡು ಕ್ಲೋರಿನ್ ಇದ್ದರೆ ಎಷ್ಟು ಐಸೋಮರ್ ಸಾಧ್ಯ? ಆರೂ ಜಾಗ ಒಂದೇ ಸಮತಲದಲ್ಲಿ ಷಟ್ಕೋನವಾಗಿದ್ದರೆ ಮೂರು, ತ್ರಿಕೋನ ಪಟ್ಟಕದ ಮೂಲೆಗಳಲ್ಲಿದ್ದರೆ ಮೂರು, ಅಷ್ಟಮುಖಿಯಾಗಿದ್ದರೆ ಎರಡೇ: ಕ್ಲೋರಿನ್‌ಗಳು ಅಕ್ಕಪಕ್ಕ ಇರುವುದೊಂದು, ಎದುರುಬದುರು ಇರುವುದೊಂದು. ಪ್ಲಾಟಿನಂ ವಿಷಯದಲ್ಲಿ ಇದೇ ಬಗೆಯ ಎಣಿಕೆಯಿಂದ, ಪೇರೋನೆಯ ಲವಣ ಮತ್ತು ಅದರ ಜೋಡಿ ಎರಡು ಬೇರೆ ಬೇರೆಯಾಗಿ ಇರುವುದರಿಂದ, ನಾಲ್ಕು ಗುಂಪುಗಳು ಚೌಕದಲ್ಲಿ ಕುಳಿತಿರಬೇಕು ಎಂದು ವರ್ನರ್ ತರ್ಕಿಸಿದ್ದರು. ಅಂದು ಪೇರೋನೆಯ ಲವಣವಾಗಿದ್ದದ್ದೇ ಇಂದಿನ ಸಿಸ್‌ಪ್ಲಾಟಿನ್. ಕ್ಯಾನ್ಸರ್ ವಾರ್ಡುಗಳಲ್ಲಿ ಎಲ್ಲರಿಗೂ ಪರಿಚಿತ ಹೆಸರು. ಎದುರುಬದುರಿನ ಜೋಡಿಗೆ ಆ ಔಷಧ ಗುಣವಿಲ್ಲ. ಕೋಬಾಲ್ಟಿನಲ್ಲಿ ಮಾತ್ರ ಎಣಿಕೆ ಇಕ್ಕಟ್ಟಿಗೆ ಸಿಕ್ಕಿತು. ನಾಲ್ಕು ಅಮೋನಿಯಾದ ಕ್ಲೋರೈಡಿನಲ್ಲಿ ಎಲ್ಲರ ಬಳಿ ಇದ್ದದ್ದು ಹಸಿರು ಒಂದೇ. ನೇರಳೆ ಇದ್ದದ್ದು ಅಮೋನಿಯಾದ ಬದಲು ಎಥಿಲೀನ್ ಡೈಅಮೀನ್ ಹಾಕಿ ಯೋರ್ಗೆನ್‌ಸನ್ ಮಾಡಿದ್ದ ಲವಣದಲ್ಲಿ. ಆ ವ್ಯತ್ಯಾಸ ಎಥಿಲೀನ್ ಡೈಅಮೀನಿನದೇ ಹೊರತು ಆಕಾರದ್ದಲ್ಲ ಎಂದು ಅವರು ವಾದಿಸಿದರು. ಶುದ್ಧ ಅಮೋನಿಯಾದ ನೇರಳೆ ಲವಣವನ್ನು ತೋರಿಸಿ ಎಂಬ ಅವರ ಬೇಡಿಕೆ ನ್ಯಾಯವಾದದ್ದು. ಅದನ್ನು ತೋರಿಸಲು ವರ್ನರ್‌ಗೆ ಹಿಡಿದದ್ದು ಹದಿನಾಲ್ಕು ವರ್ಷ.

ಆ ಹದಿನಾಲ್ಕು ವರ್ಷ ಅವರು ಏನು ಮಾಡುತ್ತಿದ್ದರು ಎಂದು ನೋಡಿದರೆ ವೃತ್ತಿಯ ಪ್ರಶ್ನೆ ಎದುರಿಗೆ ಬರುತ್ತದೆ. 1893ರ ಲೇಖನ ಅವರಿಗೆ ಮೊದಲು ಕೊಟ್ಟದ್ದು ನೌಕರಿ. ಅದೇ ವರ್ಷ ವಿಕ್ಟರ್ ಮೆರ್ಜ್ ಅವರಿಂದ ತೆರವಾದ ಜಾಗಕ್ಕೆ ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ಸಹಪ್ರಾಧ್ಯಾಪಕರಾದರು, 1895ರಲ್ಲಿ ಪೂರ್ಣ ಪ್ರಾಧ್ಯಾಪಕರು. ನಡುವೆ 1894ರಲ್ಲಿ ಎಮ್ಮಾ ಗೀಸ್ಕರ್ ಅವರನ್ನು ಮದುವೆಯಾಗಿ ಸ್ವಿಸ್ ಪೌರರೂ ಆದರು. ಕೆಲಸಕ್ಕೆ ಸೇರಿಸಿಕೊಂಡದ್ದು ಸಾವಯವ ರಸಾಯನಶಾಸ್ತ್ರ ಪಾಠ ಹೇಳಲು! ನಿರವಯವದ ಮುಖ್ಯ ಪಾಠಮಾಲೆ ಅವರ ಕೈಗೆ ಬಂದದ್ದು 1902-03ರಲ್ಲಿ. ಹತ್ತು ವರ್ಷ ಅವರು ಬೆಳಗ್ಗೆ ಇಂಗಾಲದ ಪಾಠ ಹೇಳಿ ನಂತರ ಕೋಬಾಲ್ಟಿನ ಕಡೆಗೆ ತಿರುಗುತ್ತಿದ್ದರು. ಇದನ್ನು ಹೊರೆ ಎಂದು ಕಂಡ ಜೀವನಚರಿತ್ರೆಕಾರರಿದ್ದಾರೆ, ನನಗೆ ಹಾಗೆ ಕಾಣುವುದಿಲ್ಲ. ಅಕ್ಕಪಕ್ಕ, ಎದುರುಬದುರು ಎಂಬ ಎಣಿಕೆ, ಎಡ-ಬಲ ಎಂಬ ವಿಭಜನೆ, ಇವೆಲ್ಲ ಸಾವಯವ ತರಗತಿಯ ನಿತ್ಯದ ಸರಕು. 1904ರಲ್ಲಿ ಅವರು ತ್ರಿವಿಮ ರಸಾಯನಶಾಸ್ತ್ರದ ಪಠ್ಯಪುಸ್ತಕವನ್ನೂ ಮರುವರ್ಷ ನಿರವಯವ ರಸಾಯನಶಾಸ್ತ್ರದ ಹೊಸ ದೃಷ್ಟಿಗಳ ಕುರಿತ ಪುಸ್ತಕವನ್ನೂ ಹೊರತಂದರು. ಒಂದು ತರಗತಿಯಲ್ಲಿ ಹೇಳಿದ್ದನ್ನು ಇನ್ನೊಂದು ಪ್ರಯೋಗಾಲಯದಲ್ಲಿ ಪ್ರಯೋಗಿಸಿದ ಲೆಕ್ಕ ಆ ಎರಡು ಪುಸ್ತಕಗಳಲ್ಲಿದೆ.

ಪ್ರಯೋಗಾಲಯ ಎಂದೆ, ಅದು ನೆಲಮಾಳಿಗೆಯ ಕತ್ತಲೆ ಕೋಣೆಗಳ ಸಾಲು. ವಿದ್ಯಾರ್ಥಿಗಳು ಅದನ್ನು ಕ್ಯಾಟಕೂಂಬ್ ಎಂದು, ಅಂದರೆ ನೆಲದಡಿಯ ಸಮಾಧಿ ಸುರಂಗ ಎಂದು, ಕರೆಯುತ್ತಿದ್ದರು. ಬೇರೆ ವಿಶ್ವವಿದ್ಯಾಲಯಗಳಿಂದ ಕರೆ ಬಂದರೂ ವರ್ನರ್ ಹೋಗಲಿಲ್ಲ, ಒಳ್ಳೆಯ ಕಟ್ಟಡ ಸಿಕ್ಕಿದ್ದು 1909ರಲ್ಲಿ. ಅಷ್ಟರೊಳಗೆ ಆ ಸುರಂಗಗಳಿಂದ ಪ್ರಬಂಧಗಳ ಪ್ರವಾಹವೇ ಹೊರಟಿತ್ತು. ಅವರ ಕೈಕೆಳಗೆ ಡಾಕ್ಟರೇಟ್ ಪಡೆದವರು ಒಟ್ಟು ಇನ್ನೂರಕ್ಕೂ ಹೆಚ್ಚು. ಜ್ಯೂರಿಕ್ ಯುರೋಪಿನಲ್ಲಿ ಹೆಂಗಸರಿಗೆ ಬಹಳ ಮೊದಲೇ ಬಾಗಿಲು ತೆರೆದ ವಿಶ್ವವಿದ್ಯಾಲಯ; 1867ರಲ್ಲೇ ರಷ್ಯಾದ ನಾದೆಜ್ದಾ ಸುಸ್ಲೋವಾ ಅಲ್ಲಿ ವೈದ್ಯಕೀಯ ಡಾಕ್ಟರೇಟ್ ಪಡೆದಿದ್ದರು. ತಮ್ಮ ದೇಶದಲ್ಲಿ ಪದವಿ ಸಿಗದ ರಷ್ಯನ್ ಹೆಣ್ಣುಮಕ್ಕಳು, ಇಂಗ್ಲಿಷರು, ಅಮೆರಿಕನ್ನರು ವರ್ನರ್ ಅವರ ಮೇಜುಗಳಲ್ಲಿ ತುಂಬಿದರು. ಲಂಡನ್ನಿನಿಂದ ಬಂದ ಈಡಿತ್ ಹಂಫ್ರಿ 1901ರಲ್ಲಿ ಡಾಕ್ಟರೇಟ್ ಪಡೆದರು. ಎಥಿಲೀನ್ ಡೈಅಮೀನ್ ಮತ್ತು ನೈಟ್ರೋ ಗುಂಪುಗಳಿರುವ ಕೋಬಾಲ್ಟ್ ಲವಣಗಳ ಮೇಲೆ ಅವರ ಕೆಲಸ. ಜ್ಯೂರಿಕ್‌ನಲ್ಲಿ ಇಂದಿಗೂ ಉಳಿದಿರುವ ವರ್ನರ್ ಸಂಗ್ರಹದ ಸಾವಿರಾರು ಸೀಸೆಗಳಲ್ಲಿ ಹಂಫ್ರಿಯವರ ಹರಳುಗಳೂ ಇವೆ. ಇವರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಲವಣಮಾಲೆ, ಎರಡು ಮೂರು ವರ್ಷದ ದುಡಿಮೆ, ಕೊನೆಗೆ ಅಚ್ಚಾದ ಪ್ರಬಂಧ. ಡಾಕ್ಟರೇಟ್ ಪ್ರಬಂಧದ ಗಾತ್ರ ಒಂದು ಲವಣಮಾಲೆಯ ಗಾತ್ರಕ್ಕೆ ಸರಿಹೊಂದಿದ್ದು ನಿರವಯವ ರಸಾಯನಶಾಸ್ತ್ರದ ಅದೃಷ್ಟ. ಒಬ್ಬ ಮನುಷ್ಯ ಒಬ್ಬಂಟಿಯಾಗಿ ಇಷ್ಟು ಲವಣಗಳನ್ನು ಮಾಡಲಾರ. ಯೋರ್ಗೆನ್‌ಸನ್ ಎಷ್ಟೇ ನುರಿತವರಾದರೂ ಹೆಚ್ಚಿನದನ್ನು ಒಬ್ಬರೇ ಮಾಡಿದರು, ಈ ಸ್ಪರ್ಧೆಯಲ್ಲಿ ಅವರು ಹಿಂದೆ ಬಿದ್ದದ್ದಕ್ಕೆ ಅದೂ ಒಂದು ಕಾರಣ.

1907ರಲ್ಲಿ ಕೊನೆಗೂ ಶುದ್ಧ ಅಮೋನಿಯಾದ ನೇರಳೆ ಲವಣ ಜ್ಯೂರಿಕ್‌ನಲ್ಲಿ ಸಿದ್ಧವಾಯಿತು. ಕ್ಲೋರಿನ್‌ಗಳು ಅಕ್ಕಪಕ್ಕ ಕುಳಿತಿರುವ ಈ ರೂಪ ಬಹಳ ಸುಲಭವಾಗಿ ಹಸಿರಿಗೆ ತಿರುಗಿಬಿಡುವುದರಿಂದಲೇ ಇಷ್ಟು ವರ್ಷ ಕೈಗೆ ಸಿಗದೆ ತಪ್ಪಿಸಿಕೊಂಡಿತ್ತು. ಯೋರ್ಗೆನ್‌ಸನ್ ಮಾತು ತಪ್ಪಲಿಲ್ಲ. ಕೇಳಿದ್ದು ಸಿಕ್ಕ ಮೇಲೆ ತಮ್ಮ ಸಿದ್ಧಾಂತ ಬಿದ್ದಿತೆಂದು ಒಪ್ಪಿಕೊಂಡರು. ಹಾಗೆಂದು ಆಕಾರ ಸಾಬೀತಾಯಿತೆನ್ನಲು ತರ್ಕ ಬಿಡುವುದಿಲ್ಲ. ಎರಡು ಸಿಕ್ಕಿವೆ ನಿಜ. ಮೂರನೆಯದು ಇಲ್ಲವೆಂದು ಹೇಳುವುದು ಹೇಗೆ? ಇನ್ನೂ ಯಾರೂ ಮಾಡಿಲ್ಲ ಎಂಬುದು, ಮಾಡಲು ಸಾಧ್ಯವೇ ಇಲ್ಲ ಎಂಬುದಕ್ಕೆ ಸಮವಲ್ಲ. ಎರಡನೆಯದನ್ನೇ ಹುಡುಕಲು ಹದಿನಾಲ್ಕು ವರ್ಷ ಬೇಕಾಗಿತ್ತೆಂದರೆ ಮೂರನೆಯದು ಇನ್ನೆಲ್ಲೋ ಅಡಗಿರಬಾರದೇಕೆ? ಎಣಿಕೆಯ ವಾದಕ್ಕೆ ಈ ದೌರ್ಬಲ್ಯ ಹುಟ್ಟಿನಿಂದಲೇ ಇದೆ, ವರ್ನರ್‌ಗೂ ಅದು ಚೆನ್ನಾಗಿ ಗೊತ್ತಿತ್ತು.

ಇಲ್ಲದಿರುವುದರ ಮೇಲೆ ನಿಲ್ಲದ, ಇರುವುದನ್ನೇ ತೋರಿಸುವ ಪ್ರಮಾಣ ಬೇಕಿತ್ತು. ಎರಡು ಎಥಿಲೀನ್ ಡೈಅಮೀನ್ ಇರುವ ಕೆಲವು ಅಷ್ಟಮುಖಿಗಳು ಎಡಗೈ ಬಲಗೈಗಳಂತೆ ಎರಡಾಗಿರಬೇಕು: ಅಳತೆಯಲ್ಲಿ ಒಂದೇ, ಒಂದರ ಮೇಲೊಂದು ಇಟ್ಟರೆ ಕೂಡಿಕೊಳ್ಳುವುದಿಲ್ಲ. ಅಂಥವು ಧ್ರುವೀಕೃತ ಬೆಳಕಿನ ತಳವನ್ನು ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ತಿರುಗಿಸುತ್ತವೆ. ತಯಾರಿಸುವಾಗ ಎರಡೂ ಸಮಸಮವಾಗಿ ಬೆರೆತೇ ಹುಟ್ಟುವುದರಿಂದ ಬೆಳಕು ಅಲುಗಾಡುವುದಿಲ್ಲ. ಬೇರೆ ಮಾಡುವ ಉಪಾಯ ಲೂಯಿ ಪಾಸ್ತರ್ ಕಾಲದಿಂದ ಗೊತ್ತಿತ್ತು: ಒಂದೇ ಕೈಯ ಸಾವಯವ ಆಮ್ಲವೊಂದನ್ನು ಜತೆಗೆ ಕೂಡಿಸಿದರೆ ಸಿಗುವ ಎರಡು ಲವಣಗಳು ನೀರಿನಲ್ಲಿ ಕರಗುವ ಪ್ರಮಾಣದಲ್ಲಿ ತುಸು ಬೇರೆಯಾಗುತ್ತವೆ. ಕಡಿಮೆ ಕರಗುವುದು ಮೊದಲು ಹರಳಾಗುತ್ತದೆ. ಆ ಹರಳನ್ನು ಸೋಸಿ, ಮತ್ತೆ ಕರಗಿಸಿ, ಮತ್ತೆ ಹರಳುಗಟ್ಟಿಸಿ, ಪ್ರತಿಸಲವೂ ಪೋಲಾರಿಮೀಟರಿನಲ್ಲಿಟ್ಟು ನೋಡಬೇಕು. ಕೋಬಾಲ್ಟಿನ ದ್ರಾವಣವೋ ಗಾಢ ಬಣ್ಣದ್ದು, ಬೆಳಕು ಅದನ್ನು ದಾಟಿ ಬರುವುದೇ ಕಷ್ಟ. ಅಮೆರಿಕದಿಂದ ಬಂದಿದ್ದ ವಿಕ್ಟರ್ ಕಿಂಗ್ ಈ ಕೆಲಸಕ್ಕೆ ಇಳಿದು ಸುಮಾರು ಎರಡು ಸಾವಿರ ಸಲ ಹರಳುಗಟ್ಟಿಸಿದ್ದಾಗಿ ಮುಂದೆ ನೆನೆದಿದ್ದಾರೆ. ಒಂದಾದ ಮೇಲೊಂದು ಆಮ್ಲ ಕೈಕೊಟ್ಟಿತು. ಬ್ರೋಮೋಕ್ಯಾಂಫರ್ ಸಲ್ಫಾನಿಕ್ ಆಮ್ಲದ ಲವಣ ಬಂದಾಗ ಎರಡು ಕೈಗಳೂ ಸಲೀಸಾಗಿ ಬೇರ್ಪಟ್ಟವು, ಬೆಳಕಿನ ತಳ ತಿರುಗಿತು. ಅದು 1911. ಮರುವರ್ಷ ಮೂರು ಎಥಿಲೀನ್ ಡೈಅಮೀನ್ ಇರುವ ಕೋಬಾಲ್ಟ್ ಅಯಾನನ್ನೂ ವರ್ನರ್ ಬೇರ್ಪಡಿಸಿದರು. ಎಲ್ಲ ಮೂಲೆಗಳೂ ಒಂದೇ ಸಮತಲದಲ್ಲಿದ್ದರೆ ಈ ಅಯಾನಿಗೆ ಎಡ-ಬಲ ಇರಲು ಸಾಧ್ಯವಿಲ್ಲ. 1913ರಲ್ಲಿ ನೊಬೆಲ್ ಬಂತು. ನಿರವಯವ ರಸಾಯನಶಾಸ್ತ್ರಕ್ಕೆ ಬಂದ ಮೊದಲ ನೊಬೆಲ್ ಅದು ಎಂದು ಹಲವು ಕಡೆ ಬರೆಯುತ್ತಾರೆ; 1904ರಲ್ಲಿ ಜಡಾನಿಲಗಳಿಗಾಗಿ ರಾಮ್ಸೇ, 1906ರಲ್ಲಿ ಫ್ಲೋರಿನ್ನಿಗಾಗಿ ಮ್ವಾಸಾನ್ ಪಡೆದದ್ದನ್ನು ಮರೆತು.

ಸಂದೇಹಿಗಳ ಬಳಿ ಒಂದು ಬಾಣ ಇನ್ನೂ ಉಳಿದಿತ್ತು. ಈ ಲವಣಗಳಲ್ಲೆಲ್ಲ ಎಥಿಲೀನ್ ಡೈಅಮೀನ್ ಇದೆ, ಎಥಿಲೀನ್ ಡೈಅಮೀನಿನಲ್ಲಿ ಇಂಗಾಲವಿದೆ. ಬೆಳಕನ್ನು ತಿರುಗಿಸುವ ಗುಣ ಇಂಗಾಲದ ಸೊತ್ತು ಎಂದೇ ಅಂದಿನ ನಂಬಿಕೆ. ಹಾಗಾದರೆ ತಿರುಗಿಸಿದ್ದು ಕೋಬಾಲ್ಟಿನ ಅಷ್ಟಮುಖಿಯೋ, ಇಂಗಾಲದ ಪ್ರಭಾವವೋ? 1914ರಲ್ಲಿ ವರ್ನರ್ ಉತ್ತರ ಕೊಟ್ಟದ್ದು ಹೆಕ್ಸೋಲ್ ಎಂಬ ಲವಣದಿಂದ. ನಾಲ್ಕು ಕೋಬಾಲ್ಟ್, ಹನ್ನೆರಡು ಅಮೋನಿಯಾ, ಸೇತುವೆಯಂತೆ ನಿಂತ ಆರು ಹೈಡ್ರಾಕ್ಸಿಲ್. ಇಡೀ ಅಯಾನಿನಲ್ಲಿ ಇಂಗಾಲದ ಒಂದು ಪರಮಾಣುವೂ ಇಲ್ಲ. ಅದೂ ಎರಡಾಗಿ ಬೇರ್ಪಟ್ಟಿತು, ಬೆಳಕನ್ನು ತಿರುಗಿಸಿತು. ಈ ಹೆಕ್ಸೋಲನ್ನು ಲೋಕದಲ್ಲಿ ಮೊದಲು ತಯಾರಿಸಿದವರು ಯಾರೆಂದರೆ 1898ರಲ್ಲಿ ಯೋರ್ಗೆನ್‌ಸನ್! ಎದುರಾಳಿಯ ಮೇಜಿನ ಲವಣವೇ ಕೊನೆಯ ಸಾಕ್ಷಿಯಾಗಿ ಬಂತು. 1914ರಲ್ಲೇ ಯೋರ್ಗೆ‌ನ್‌ಸನ್ ತೀರಿಕೊಂಡರು. ವರ್ನರ್ ಸಿದ್ಧಾಂತ ಎಂದು ನಾವು ಕರೆಯುವುದರ ಪ್ರಾಯೋಗಿಕ ತಳಪಾಯದಲ್ಲಿ ಕೋಪನ್‌ಹೇಗನ್ನಿನ ಇಟ್ಟಿಗೆಗಳು ಎಷ್ಟಿವೆ ಎಂದು ತಿಳಿಯಲು ಇದೊಂದು ಉದಾಹರಣೆ ಸಾಕು.

ಇಷ್ಟು ಕೇಳಿದ ಮೇಲೆ ಇಂದಿನ ಸಂಶೋಧನಾ ವಿದ್ಯಾರ್ಥಿಗಳು ಎತ್ತಬಹುದಾದ ಆಕ್ಷೇಪ ಹೆಚ್ಚು ಚುರುಕಾದದ್ದು: ನೀವು ಸಂಸ್ಥೆ ಎಂದು ಹೊಗಳುತ್ತಿರುವುದು ವಾಸ್ತವದಲ್ಲಿ ಇನ್ನೂರು ಜನರ ದುಡಿಮೆಯನ್ನು ಒಬ್ಬರ ಹೆಸರಿಗೆ ಬರೆದುಕೊಳ್ಳುವ ವ್ಯವಸ್ಥೆಯಲ್ಲವೇ? ಇದರಲ್ಲಿ ಹುರುಳಿದೆ. ಸಿದ್ಧಾಂತಕ್ಕೆ ವರ್ನರ್ ಹೆಸರು ಉಳಿಯಿತು, ಹಂಫ್ರಿ, ಕಿಂಗ್ ಇವರೆಲ್ಲ ವಿಶೇಷಜ್ಞರ ಪುಸ್ತಕಗಳಲ್ಲಿ ಉಳಿದರು. ಪ್ರಶ್ನೆಯನ್ನು ಆರಿಸುತ್ತಿದ್ದವರು ಪ್ರಾಧ್ಯಾಪಕರು, ವಿದ್ಯಾರ್ಥಿಗೆ ಬರುತ್ತಿದ್ದದ್ದು ಇಡೀ ನಕ್ಷೆಯ ಒಂದು ಚೌಕ. ಇಷ್ಟನ್ನು ಒಪ್ಪಿಯೂ ಹೇಳಬೇಕಾದದ್ದು, ಈ ಆಕ್ಷೇಪ ನನ್ನ ವಾದವನ್ನು ಕಡಿಯುವುದಿಲ್ಲ, ಗಟ್ಟಿ ಮಾಡುತ್ತದೆ. ಬೆಳಗಿನ ಜಾವದ ಕಥೆಯಲ್ಲಿ ಇನ್ನೂರು ಜನಕ್ಕೆ ಜಾಗವೇ ಇಲ್ಲ. ಅವರ ಹೆಸರು ಇಂದು ಸಿಗುತ್ತಿರುವುದು ಒಬ್ಬೊಬ್ಬರೂ ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿದ ಪ್ರಬಂಧಗಳಿಂದ, ಅಂದರೆ ವಿಶ್ವವಿದ್ಯಾಲಯದ ಪದವಿ ನಿಯಮದಿಂದ. ಖಾಸಗಿ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಇದೇ ಕೆಲಸ ನಡೆದಿದ್ದರೆ ಆ ಹೆಸರುಗಳೂ ಉಳಿಯುತ್ತಿರಲಿಲ್ಲ. ಬಣ್ಣದ ಉದ್ಯಮಕ್ಕೆ ಪ್ರಯೋಜನವಿಲ್ಲದ ಕೋಬಾಲ್ಟ್ ಲವಣಗಳ ಮೇಲೆ ಯಾವ ಕಾರ್ಖಾನೆಯೂ ಇಪ್ಪತ್ತು ವರ್ಷ ಹಣ ಸುರಿಯುತ್ತಿರಲಿಲ್ಲ ಎಂಬುದು ಇನ್ನೊಂದು ಮಾತು.

ಭೌತಶಾಸ್ತ್ರದ ಕಡೆಯಿಂದ ಬರುವ ಆಕ್ಷೇಪವೂ ಇದೆ. 1912ರ ನಂತರ ಎಕ್ಸ್-ಕಿರಣಗಳಿಂದ ಹರಳಿನ ಒಳಗನ್ನು ನೇರವಾಗಿ ನೋಡುವ ವಿದ್ಯೆ ಬಂತು. 1921-22ರಲ್ಲಿ ವೈಕಾಫ್ ಮತ್ತು ಪೋಸ್‌ನ್ಯಾಕ್ ಅಮೆರಿಕದಲ್ಲಿ, ಶೆರ್ರರ್ ಮತ್ತು ಸ್ಟೋಲ್ ಜ್ಯೂರಿಕ್‌ನಲ್ಲೇ, ಪ್ಲಾಟಿನಂ ಸುತ್ತ ಆರು ಗುಂಪುಗಳು ಅಷ್ಟಮುಖಿಯಲ್ಲಿರುವುದನ್ನು ಕಂಡರು. ಹತ್ತು ವರ್ಷ ಕಾದಿದ್ದರೆ ಇಷ್ಟೆಲ್ಲ ಹರಳುಗಟ್ಟಿಸುವ ಗೋಜೇ ಇರುತ್ತಿರಲಿಲ್ಲ ಎನ್ನಬಹುದು. ಆದರೆ ಎಕ್ಸ್-ಕಿರಣದ ಮುಂದೆ ಯಾವ ಹರಳನ್ನು ಇಡಬೇಕು, ಬಂದ ಚುಕ್ಕೆಗಳಲ್ಲಿ ಏನನ್ನು ಹುಡುಕಬೇಕು ಎಂಬುದನ್ನು ಹೇಳಿಕೊಟ್ಟದ್ದು ಜ್ಯೂರಿಕ್‌ನ ಪ್ರಬಂಧಗಳು. ಶೆರ್ರರ್-ಸ್ಟೋಲ್ ಲೇಖನದ ಶೀರ್ಷಿಕೆಯಲ್ಲೇ ವರ್ನರ್ ಹೆಸರಿದೆ. ಜತೆಗೆ ಹರಳಿನೊಳಗೆ ಕಂಡದ್ದು ದ್ರಾವಣದಲ್ಲೂ ನಿಜವೇ ಎಂಬ ಪ್ರಶ್ನೆಗೆ ಉತ್ತರ ವರ್ನರ್ ದಾರಿಯಲ್ಲೇ ಸಿಗಬೇಕಿತ್ತು. ಈ ಹಿಡಿತ ಯಾಕೆ ಉಂಟಾಗುತ್ತದೆ ಎಂಬುದನ್ನು ವರ್ನರ್ ಹೇಳಲಿಲ್ಲ ಎಂಬ ದೂರು ನಿಜ. ಅದಕ್ಕೆ ಲೂಯಿಸ್ ಅವರ 1916ರ ಇಲೆಕ್ಟ್ರಾನ್ ಜೋಡಿ, ಸಿಡ್ಜ್‌ವಿಕ್ ಅವರ ಕೆಲಸ, ಬೆಥೆ ಅವರ 1929ರ ಲೆಕ್ಕಾಚಾರ ಬರಬೇಕಾಯಿತು. ಅಷ್ಟಮುಖಿ ಎಂದು ಗೊತ್ತಿದ್ದುದರಿಂದ ಬೆಥೆಗೆ ಅಷ್ಟಮುಖಿಯ ಸಮ್ಮಿತಿಯನ್ನು ಹಿಡಿದು ಲೆಕ್ಕ ಹಾಕಲು ಬಂತು. ವರ್ನರ್ ಎಣಿಕೆಯಿಂದ ಹೊರಹಾಕಿದ ತ್ರಿಕೋನ ಪಟ್ಟಕ ಬೇರೆ ಬಾಗಿಲಿಂದ ಮರಳಿ ಬಂದದ್ದೂ ಉಂಟು. 1943ರಲ್ಲಿ ಕಲ್ಕತ್ತೆಯ ಪ್ರಿಯದಾರಂಜನ್ ರಾಯ್ ಮತ್ತು ನಿಹಾರ್ ಕುಮಾರ್ ದತ್ತ, ಎಡಗೈ ಅಣು ಬಲಗೈಯಾಗಿ ಬದಲಾಗುವ ದಾರಿಯೊಂದನ್ನು ಸೂಚಿಸಿದರು. ಆ ತಿರುವಿನ ನಡುಹಂತದಲ್ಲಿ ಅಷ್ಟಮುಖಿ ಒಂದು ಗಳಿಗೆ ಪಟ್ಟಕವಾಗುತ್ತದೆ. ಅದನ್ನು ಇಂದು ಲೋಕವೆಲ್ಲ ರಾಯ್-ದತ್ತ ತಿರುವು ಎಂದೇ ಕರೆಯುತ್ತದೆ. 1965ರಲ್ಲಿ ರೀನಿಯಂ ಸುತ್ತ ಸ್ಥಿರವಾಗಿಯೇ ನಿಂತ ಪಟ್ಟಕ ಎಕ್ಸ್-ಕಿರಣದಲ್ಲಿ ಕಂಡಿತು. ಎಣಿಕೆಯ ವಾದವೊಂದನ್ನೇ ನಂಬಬಾರದು ಎಂಬ ಎಚ್ಚರ, ಎಡ-ಬಲಗಳ ಬೇರ್ಪಡಿಕೆಗೆ ವರ್ನರ್ ತೊಡಗಿದ ಹಟ, ಎರಡೂ ಸರಿಯಾಗಿದ್ದವು.

ಕೊನೆಯ ಆಕ್ಷೇಪ ನನ್ನ ವಾದಕ್ಕೆ ಎಲ್ಲಕ್ಕಿಂತ ಕಷ್ಟದ್ದು. ಸಂಸ್ಥೆಯ ಬಲ ಅಷ್ಟಿದ್ದರೆ ವರ್ನರ್ ಹೋದ ಮೇಲೆ ಜ್ಯೂರಿಕ್‌ನಲ್ಲಿ ಆ ಶಾಲೆ ಯಾಕೆ ಉಳಿಯಲಿಲ್ಲ? ನೊಬೆಲ್ ಬಂದ ಸ್ವಲ್ಪದರಲ್ಲೇ ರಕ್ತನಾಳಗಳ ಕಾಯಿಲೆ ಅವರನ್ನು ಹಿಡಿಯಿತು. 1915ರ ಹೊತ್ತಿಗೆ ಪಾಠಗಳನ್ನು ಬಿಡಬೇಕಾಯಿತು, 1919ರ ಅಕ್ಟೋಬರಿನಲ್ಲಿ ರಾಜೀನಾಮೆ, ನವೆಂಬರ್ 15ರಂದು ಸಾವು. ಐವತ್ತಮೂರು ತುಂಬಿರಲಿಲ್ಲ. ಆ ಜಾಗಕ್ಕೆ ಬಂದವರು ಅವರದೇ ಶಿಷ್ಯ ಪೌಲ್ ಕಾರರ್. ಕಾರರ್ ಕೋಬಾಲ್ಟಿನ ಮೇಲೆ 1911ರಲ್ಲಿ ಡಾಕ್ಟರೇಟ್ ಪಡೆದಿದ್ದರೂ ಆ ವೇಳೆಗೆ ಸಾವಯವದ ಕಡೆಗೆ ಹೋಗಿದ್ದರು. 1937ರಲ್ಲಿ ವಿಟಮಿನ್ ಮತ್ತು ಕ್ಯಾರೊಟಿನಾಯ್ಡ್‌ಗಳ ಕೆಲಸಕ್ಕೆ ನೊಬೆಲ್ ಪಡೆದರು. ಇನ್ನೊಬ್ಬ ಹಿರಿಯ ಶಿಷ್ಯ ಪೌಲ್ ಫೈಫರ್ ಆಗಲೇ ಜರ್ಮನಿಗೆ ತೆರಳಿದ್ದರು. ಕ್ಯಾಟಕೂಂಬಿನಲ್ಲಿ ಶುರುವಾದ ನಿರವಯವ ಪರಂಪರೆ ಅಲ್ಲಿಗೆ ನಿಂತಿತು. ಈ ಆಕ್ಷೇಪಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ, ಆದರೆ ಕಾರಣ ಊಹಿಸಬಹುದು. ಜರ್ಮನ್ ಮಾದರಿಯ ವಿಶ್ವವಿದ್ಯಾಲಯದಲ್ಲಿ ಸಂಸ್ಥೆ ಎಂದರೆ ಒಂದೇ ಪೀಠ. ಇನ್ನೂರು ವಿದ್ಯಾರ್ಥಿಗಳ ಭಾರವೆಲ್ಲ ಒಬ್ಬ ಪ್ರಾಧ್ಯಾಪಕರ ಆರೋಗ್ಯದ ಮೇಲೆ. ಪ್ರಶ್ನೆ ಕೇಳುವ ಹಕ್ಕನ್ನು ಹಂಚದ ವ್ಯವಸ್ಥೆಯಲ್ಲಿ ಪ್ರಶ್ನೆ ಮುಂದುವರಿಸುವವರು ತಯಾರಾಗುವುದಿಲ್ಲ. ಹಿಂದಿನ ಆಕ್ಷೇಪದಲ್ಲಿ ನಾನು ಒಪ್ಪಿಕೊಂಡ ಹುರುಳು ಇಲ್ಲಿ ತನ್ನ ಬೆಲೆ ಕೇಳುತ್ತದೆ. ಲೋಹ ಮತ್ತು ಅಮೋನಿಯಾದ ಸಂಬಂಧವನ್ನು ಮತ್ತೆ ಮೊದಲಿನಿಂದ ಅಳೆದವರು 1941ರಲ್ಲಿ ಯಾನಿಕ್ ಬ್ಯೆರುಮ್. ನೀರಿನಲ್ಲಿ ಅಮೋನಿಯಾ ಅಣುಗಳು ಲೋಹಕ್ಕೆ ಒಂದೊಂದಾಗಿ, ಮೆಟ್ಟಿಲು ಮೆಟ್ಟಿಲಾಗಿ ಸೇರುವುದನ್ನು ಅವರು ಪ್ರಬಂಧವಾಗಿ ಬರೆದರು. ಬರೆದದ್ದು ಜ್ಯೂರಿಕ್‌ನಲ್ಲಲ್ಲ, ಕೋಪನ್‌ಹೇಗನ್ನಿನಲ್ಲಿ.